ಕಡಲಿಗೆ ಕಚೇರಿ ಹೊತ್ತವರು

ಕಳೆದ ಭಾನುವಾರ ನಮ್ಮ ಸರ್‌ಗೆ ಬೀಳ್ಕೊಡುಗೆ ಇತ್ತು. ಎಲ್ಲಿ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕಾಪುವಿನ ಕಡಲ ದಂಡೆಯ ರೆಸಾರ್ಟಿನಲ್ಲಿ ಅಲ್ಲದೆ ಇನ್ನೆಲ್ಲಿ? ಮಣಿಪಾಲದ ಕಚೇರಿಯಲ್ಲಿ ಇಷ್ಟು ವರ್ಷ ಸಂಬಳ ತೆಗೆದುಕೊಂಡ ಮನುಷ್ಯನಿಗೆ ಆ ಕಚೇರಿಯ ಗೋಡೆಯ ಬಣ್ಣ ಯಾವುದೆಂದು ಕೇಳಿದರೆ ತಬ್ಬಿಬ್ಬಾಗಬಹುದು. ಆದರೆ ಕಾಪುವಿನ ದೀಪಸ್ತಂಭದ ಬುಡದಲ್ಲಿ ಯಾವ ಕಲ್ಲಿಗೆ ಒರಗಿದರೆ ಬೆನ್ನಿಗೆ ಹಿತ, ಯಾವ ಗಾಳಿ ಮರದ ಕೆಳಗೆ ಮೊಬೈಲಿಗೆ ಸಿಗ್ನಲ್ ಪೂರ್ತಿ ಸಿಗುತ್ತದೆ ಎಂಬುದು ಕಂಠಪಾಠ. ವೇದಿಕೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು, ಕೆಲಸವನ್ನೂ ಬದುಕನ್ನೂ ಒಟ್ಟಿಗೆ ಬೆಸೆದವರು, ದಣಿವಿಲ್ಲದೆ ದುಡಿಯುವುದನ್ನು ನಮಗೆ ಕಲಿಸಿದವರು ಎಂದೆಲ್ಲ ಹೊಗಳಿದರು. ನನ್ನ ಸರದಿ ಬಂದಾಗ ನಾನು ಗಂಟಲು ತೋರಿಸಿ ಕೈಯಾಡಿಸಿದೆ. ಗಂಟಲು ಚೆನ್ನಾಗಿಯೇ ಇತ್ತು. ಅದರೊಳಗೆ ಇದ್ದ ಮಾತು ಬೀಳ್ಕೊಡುಗೆಗೆ ತಕ್ಕದ್ದಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಪರದೇಶದ ಪ್ರಕಾಶಕರ ಪಠ್ಯಪುಸ್ತಕಗಳಿಗೆ ಪುಟ ಜೋಡಿಸಿ, ತಪ್ಪು ತಿದ್ದಿ ಕಳಿಸುವ ಕಚೇರಿ. ಸರ್ ಅದರ ಒಂದು ವಿಭಾಗದ ಮುಖ್ಯಸ್ಥರು. ಎತ್ತರದ ಆಳು, ಗರಿಗರಿ ಇಸ್ತ್ರಿಯ ಅಂಗಿ, ಕಣ್ಣಿಗಿಂತ ಹೆಚ್ಚಾಗಿ ತಲೆಯ ಮೇಲೆಯೇ ಇರುತ್ತಿದ್ದ ತಂಪು ಕನ್ನಡಕ. ಹುಟ್ಟಿ ಬೆಳೆದದ್ದು ಕಾರ್ಕಳದಲ್ಲಿ. ಬಂಡೆಗಳ ನಡುವೆ ಬೆಳೆದವರಿಗೆ ಕಡಲು ಕಂಡರೆ ಇಷ್ಟು ಹುಚ್ಚು ಹಿಡಿಯುತ್ತದೆಯೋ ಏನೋ ನನಗೆ ಗೊತ್ತಿಲ್ಲ. ನನ್ನ ಅಮ್ಮನ ಮನೆ ಇರುವುದೇ ಕಾಪುವಿನ ದಂಡೆಯ ಮೇಲೆ. ಅಲ್ಲಿ ಕಡಲನ್ನು ನೋಡಿ ಯಾರೂ ‘ವಾಹ್’ ಅನ್ನುವುದಿಲ್ಲ. ಬೆಳಿಗ್ಗೆ ಎದ್ದು ಒಮ್ಮೆ ಅದರ ಮುಖ ನೋಡಿ, ಇವತ್ತು ಅದರ ಮನಸ್ಸು ಹೇಗಿದೆ ಎಂದು ತಿಳಿದುಕೊಂಡು ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಎಲ್ಲರೂ ಮನೆಯಲ್ಲೇ ಕುಳಿತು ಕೆಲಸ ಮಾಡಬೇಕಾಗಿ ಬಂದ ಆ ರೋಗದ ಕಾಲದಲ್ಲಿ ಸರ್‌ಗೆ ಜ್ಞಾನೋದಯವಾಯಿತು. ಮನೆಯಿಂದ ಕೆಲಸ ಮಾಡಬಹುದಾದರೆ ಮರಳಿನ ಮೇಲಿಂದ ಯಾಕೆ ಮಾಡಬಾರದು? ಅಲ್ಲಿಂದ ಮುಂದೆ ಅವರ ಬಾಯಲ್ಲಿ ಒಂದೇ ಮಾತು. “ಕೆಲಸ ಅಂದ್ಕೊಂಡ್ರೆ ಕೆಲಸ, ಮಜಾ ಅಂದ್ಕೊಂಡ್ರೆ ಮಜಾ. ಎಲ್ಲ ಇಲ್ಲಿ ಉಂಟು ಮಾರಾಯ್ರೆ,” ಎಂದು ಹಣೆಯನ್ನು ಬೆರಳಿನಿಂದ ತಟ್ಟಿಕೊಳ್ಳುತ್ತಿದ್ದರು. ಅವರ ಹಣೆಯೊಳಗೆ ಎಂತ ಇತ್ತೆಂದು ನನಗೆ ಗೊತ್ತಿಲ್ಲ. ಕೆಲಸವಂತೂ ನಮ್ಮ ಮೇಜಿನ ಮೇಲೆ ಇರುತ್ತಿತ್ತು.

ವಾರದಲ್ಲಿ ಎರಡು ಮೂರು ದಿನ ಅವರು ಕಾಪುವಿನಿಂದಲೇ ಮೀಟಿಂಗಿಗೆ ಕೂರುತ್ತಿದ್ದರು. ಮೇಲೆ ಕಾಲರಿನ ಅಂಗಿ, ಕೆಳಗೆ ಒದ್ದೆ ಚಡ್ಡಿ. ಹಿಂದೆ ಕಡಲು ಕಾಣಬಾರದೆಂದು ರೆಸಾರ್ಟಿನ ಬಿಳಿ ಬೆಡ್‌ಶೀಟನ್ನು ಕಿಟಕಿಗೆ ಕಟ್ಟುತ್ತಿದ್ದರು. ಒಮ್ಮೆ ಗಂಭೀರವಾಗಿ ಗುಣಮಟ್ಟದ ಬಗ್ಗೆ ಭಾಷಣ ಮಾಡುತ್ತಿರುವಾಗ ಗಾಳಿ ಬೀಸಿ ಬೆಡ್‌ಶೀಟು ಹಾರಿತು. ಅದನ್ನು ಹಿಡಿಯಲು ಸರ್ ಎದ್ದು ನಿಂತರು. ಪರದೇಶದ ಪ್ರಕಾಶಕರ ಕಡೆಯ ಹೆಂಗಸರು, ಗಂಡಸರು, ಮಣಿಪಾಲದಲ್ಲಿ ಕುಳಿತಿದ್ದ ನಾವು ಎಲ್ಲರೂ ಆ ಗಿಳಿ ಚಿತ್ರದ ಚಡ್ಡಿಯ ದರ್ಶನ ಮಾಡಿದೆವು. ಬೇರೆಯವರಾದರೆ ನಾಚಿಕೆಯಿಂದ ಭೂಮಿಗಿಳಿದು ಹೋಗುತ್ತಿದ್ದರು. ಇವರು ಮತ್ತೆ ಕುಳಿತು, ಬಿಟ್ಟ ವಾಕ್ಯವನ್ನು ಬಿಟ್ಟ ಜಾಗದಿಂದಲೇ ಮುಂದುವರಿಸಿದರು.

ಅವರ ಇನ್ನೊಂದು ಗುಣವನ್ನು ಹೇಳಲೇಬೇಕು. ಫೋನ್ ಬಂದರೆ ಬಲಗೈ ಮೇಲಕ್ಕೆತ್ತುತ್ತಿದ್ದರು, ಅಂಗೈ ನಮ್ಮ ಕಡೆ. ಅಂದರೆ ಸುಮ್ಮನಿರಿ, ಇದ್ದಲ್ಲೇ ನಿಲ್ಲಿ ಎಂದರ್ಥ. ಸುಮ್ಮನಿರಬೇಕಾದದ್ದು ಬಾಯಿ ಮಾತ್ರ ಅಲ್ಲ. ಮೀಟಿಂಗಿನಲ್ಲಿ ಬರೆಯುತ್ತಿದ್ದವರ ಪೆನ್ನು ನಿಲ್ಲಬೇಕು, ಕ್ಯಾಂಟೀನಿನಲ್ಲಿ ಚಮಚ ನಿಲ್ಲಬೇಕು, ಲಿಫ್ಟಿನ ಬಾಗಿಲಲ್ಲಿ ಒಂದು ಕಾಲು ಒಳಗಿಟ್ಟವರು ಹಾಗೇ ನಿಲ್ಲಬೇಕು. ನಮಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಅವರು ಬೆನ್ನು ತುರಿಸಿಕೊಳ್ಳಲು ಕೈ ಎತ್ತಿದರೂ ಒಂದು ಕ್ಷಣ ನಿಂತುಬಿಡುತ್ತಿದ್ದೆವು. ನಮ್ಮನ್ನು ಹೀಗೆ ಪಳಗಿಸಲು ಅವರಿಗೆ ಹೆಚ್ಚು ಸಮಯ ಹಿಡಿಯಲಿಲ್ಲ. ಅದು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ರಜೆ ಎಂಬ ಶಬ್ದ ಕೇಳಿದರೆ ಅವರಿಗೆ ಆಗುತ್ತಿರಲಿಲ್ಲ. ನನ್ನ ಪಕ್ಕದ ಮೇಜಿನ ವಾಸಂತಿ ಕುಕ್ಕುಂದೂರಿನವಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ತಂಗಿಯ ಮದುವೆಗೆ ರಜೆ ಕೇಳಲು ಹೋದಳು.

“ರಜೆ ಎಂತಕ್ಕೆ?” ಎಂದರು ಸರ್, ನಿಜವಾಗಿಯೂ ಆಶ್ಚರ್ಯಪಟ್ಟು. “ಲ್ಯಾಪ್‌ಟಾಪ್ ಹಿಡ್ಕೊಂಡು ಹೋಗಿ. ಮದುವೆಯೂ ಆಯ್ತು, ಕೆಲಸವೂ ಆಯ್ತು. ನಾನು ಕಡಲಿಗೆ ಹೋದ್ರೆ ಹಾಗೇ ಅಲ್ವಾ ಮಾಡುದು?”

ವಾಸಂತಿ ಮದರಂಗಿಯ ದಿನ ಎಡಗೈಗೆ ಮದರಂಗಿ ಹಚ್ಚಿಸಿಕೊಂಡು, ಬಲಗೈಯಲ್ಲಿ ಮೌಸ್ ಹಿಡಿದು ಯಾವುದೋ ದೇಶದ ಮಕ್ಕಳ ಭೂಗೋಳದ ಪುಸ್ತಕ ತಿದ್ದಿದಳು. ಮದುವೆಯ ಫೋಟೋಗಳಲ್ಲಿ ಅವಳ ಒಂದು ಕೈ ಕೆಂಪು, ಒಂದು ಕೈ ಬೋಳು. ಮದುಮಗಳ ಅಕ್ಕನಿಗೆ ಯಾಕೆ ಒಂದೇ ಕೈಗೆ ಹಚ್ಚಿದ್ದು ಎಂದು ಆಲ್ಬಮ್ ನೋಡಿದ ನೆಂಟರು ಈಗಲೂ ಕೇಳುತ್ತಾರಂತೆ. ಸರ್ ಮಾತ್ರ ಆ ಮದುವೆಯನ್ನು ಎಲ್ಲ ಕಡೆ ಉದಾಹರಣೆಯಾಗಿ ಹೇಳಿಕೊಂಡು ತಿರುಗಿದರು.

ನಮ್ಮ ಬೇಸರ ಅವರಿಗೆ ಗೊತ್ತಾಗದೆ ಇರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಮದ್ದು ಎಂದರೆ ನಮ್ಮನ್ನೂ ಕಡಲಿಗೆ ಕರೆದುಕೊಂಡು ಹೋಗುವುದು. ವರ್ಷಕ್ಕೊಮ್ಮೆ ಎರಡು ದಿನ ಇಡೀ ವಿಭಾಗ ಕಾಪುವಿಗೆ. ಅದಕ್ಕೆ ಅವರಿಟ್ಟ ಹೆಸರು ‘ಕಡಲ ಕಚೇರಿ’. ಬಿಸಿಲಿಗೆ ಪರದೆಯ ಮೇಲೆ ಒಂದಕ್ಷರ ಕಾಣುತ್ತಿರಲಿಲ್ಲ. ತಲೆಗೆ ಶಾಲು ಹೊದ್ದು, ಶಾಲಿನೊಳಗೆ ಲ್ಯಾಪ್‌ಟಾಪನ್ನೂ ಎಳೆದುಕೊಂಡು, ಕೋಳಿ ಮೊಟ್ಟೆಗೆ ಕೂತ ಹಾಗೆ ನಾವು ಸಾಲಾಗಿ ಕೂತಿರುತ್ತಿದ್ದೆವು. ಕೀಲಿಗಳ ಸಂದಿನಲ್ಲಿ ಮರಳು, ಬುತ್ತಿಯ ಸುತ್ತ ಕಾಗೆ. ಸರ್ ನೀರಿನಲ್ಲಿ ಅಂಗಾತ ಮಲಗಿ ತೇಲುತ್ತಾ, ನಡುನಡುವೆ ತಲೆ ಎತ್ತಿ, “ಮುಗೀತಾ ಅಧ್ಯಾಯ?” ಎಂದು ಕೂಗುತ್ತಿದ್ದರು. ಅವರು ತೇಲುವುದರಲ್ಲಿ ಬಹಳ ಹುಷಾರು, ಗಂಟೆಗಟ್ಟಲೆ ತೇಲಬಲ್ಲರು.

ಹಾಗೆಂದು ಅವರು ಕೆಟ್ಟವರಲ್ಲ. ಅದನ್ನೂ ಹೇಳಿಬಿಡುತ್ತೇನೆ. ನನ್ನ ಅಮ್ಮ ಆಸ್ಪತ್ರೆ ಸೇರಿದಾಗ ಬಂದು, ಅಮ್ಮನ ಜೊತೆ ತುಳುವಿನಲ್ಲಿ ಮಾತಾಡಿ, ನಗಿಸಿ ಹೋದವರು ಅವರು. ಯಾರ ಮಕ್ಕಳು ಯಾವ ತರಗತಿ ಎಂಬುದೆಲ್ಲ ನೆನಪಿಟ್ಟಿದ್ದರು. ಯಾರ ಮೇಲೂ ಸ್ವರ ಏರಿಸಿದವರಲ್ಲ. ಕೆಟ್ಟವರಾಗಿದ್ದರೆ ಬೈದು ಮರೆಯಬಹುದಿತ್ತು. ತಾನು ಆರಾಮವಾಗಿದ್ದೇನೆ, ಆದ್ದರಿಂದ ಎಲ್ಲರೂ ಆರಾಮವಾಗಿದ್ದಾರೆ ಎಂದು ಮನಸಾರೆ ನಂಬಿದ ಮನುಷ್ಯನನ್ನು ಏನು ಮಾಡುವುದು? ಇಂಥವರ ಬಗ್ಗೆ ನನಗೆ ತಿರಸ್ಕಾರ ಬಿಟ್ಟು ಬೇರೇನೂ ಹುಟ್ಟುವುದಿಲ್ಲ.

ಈಗ ಬಲೆಯ ವಿಷಯಕ್ಕೆ ಬರುತ್ತೇನೆ. ಈ ಬರಹ ಬರೆಯಲು ಕುಳಿತದ್ದೇ ಅದಕ್ಕಾಗಿ.

ನನ್ನ ಸೋದರಮಾವ ಕಾಪುವಿನ ಒಂದು ಕೈರಂಪಣಿ ಗುಂಪಿನ ಯಜಮಾನರು. ಕೈರಂಪಣಿ ಎಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಬಲೆಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯಲ್ಲಿ ಎರಡು ಸಾಲು ಜನ ಹಿಡಿದು, ಹಿಂದೆ ಹಿಂದೆ ನಡೆಯುತ್ತಾ ಎಳೆಯುತ್ತಾರೆ. ಎರಡೂ ಕಡೆಯ ಎಳೆತ ಸಮ ಇರಬೇಕು. ಒಂದು ಕಡೆ ಸಡಿಲವಾದರೆ ಬಲೆಯ ಬುಡ ನೆಲ ಬಿಟ್ಟು ಏಳುತ್ತದೆ, ಮೀನು ಅಡಿಯಿಂದ ನುಸುಳಿ ಹೋಗುತ್ತದೆ. ಇದಕ್ಕೆ ಜನ ಬೇಕು. ಅದಕ್ಕೇ ಅಲ್ಲಿ ಒಂದು ಕ್ರಮವುಂಟು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ದಾರಿಹೋಕನಾಗಲಿ, ಕುಡಿದು ತೂರಾಡುವವನಾಗಲಿ, ಎಳೆದವನನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ.

ಹಿಂದೆ ಮಾವನ ಗುಂಪಿಗೆ ಜನಕ್ಕೆ ಬರವಿರಲಿಲ್ಲ. ಆಮೇಲೆ ಹರೆಯದವರೆಲ್ಲ ಮಲ್ಪೆಯ ಬೋಟುಗಳಿಗೆ ಹೋದರು, ಉಳಿದವರು ಸೊಂಟ ಹಿಡಿದುಕೊಂಡು ನಡೆಯುವವರು. ಎಳೆಯಲು ಕೈ ಇಲ್ಲ, ಎಳೆದರೂ ಮೀನಿಲ್ಲ. ಮೂರು ವರ್ಷದ ಹಿಂದೆ ಮಳೆಗಾಲ ಮುಗಿಯುವ ಹೊತ್ತಿಗೆ ಗುಂಪಿನವರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬಂದಿದ್ದರು. ಈ ಸಲ ಒಂದಾದರೂ ಒಳ್ಳೆಯ ಬಲೆ ಬಿದ್ದರೆ ಮುಂದುವರಿಸುವುದು, ಇಲ್ಲದಿದ್ದರೆ ಬಲೆ ಮಾರಿ ಅವರವರ ದಾರಿ ಹಿಡಿಯುವುದು. ಮಾವ ಯಾರಿಗೂ ತೋರಿಸಿಕೊಳ್ಳಲಿಲ್ಲ. ಆದರೆ ಆ ದಿನಗಳಲ್ಲಿ ಅವರಿಗೆ ಊಟ ಸೇರುತ್ತಿರಲಿಲ್ಲವೆಂದು ಅತ್ತೆ ನನ್ನ ಹತ್ತಿರ ಹೇಳಿ ಅತ್ತಿದ್ದರು. ಬಲೆ ಬಿಟ್ಟರೆ ಮಾವನಿಗೆ ಬೇರೆ ಜೀವನ ಗೊತ್ತಿರಲಿಲ್ಲ.

ಕಚೇರಿಯಲ್ಲಿ ಚಹಾ ಕುಡಿಯುವಾಗ ನಾನು ಇದನ್ನು ವಾಸಂತಿಗೆ ಹೇಳುತ್ತಿದ್ದೆ. ಸರ್ ಕಿವಿಗೆ ಬಿತ್ತು. ಅವರ ಮುಖ ಅರಳಿತು.

“ಇದಲ್ವಾ ಟೀಮ್ ವರ್ಕ್! ಈ ಸಲದ ಕಡಲ ಕಚೇರಿಗೆ ನಾವೇ ಬಲೆ ಎಳೆಯುವ. ಮಾವನವರಲ್ಲಿ ಕೇಳಿ ನೋಡಿ.”

ಮಾವ ಬೈದು ಅಟ್ಟುತ್ತಾರೆಂದು ನಾನು ಎಣಿಸಿದ್ದೆ. ಮಾವ ಅಷ್ಟು ಒಳ್ಳೆಯ ಬಾಯಿಯವರಲ್ಲ, ಮನಸ್ಸಿಗೆ ಬಾರದಿದ್ದರೆ ದೇವರನ್ನೂ ಬಿಡುವವರಲ್ಲ. ಆದರೆ ಅವರು ಕೇಳಿದ್ದು ಎರಡೇ ಪ್ರಶ್ನೆ. “ಎಷ್ಟು ಜನ ಬರ್ತಾರೆ?” ಮತ್ತೆ, “ವಿಡಿಯೋ ತೆಗೀತಾರಾ?” ಅಳಿಯ ದುಬೈಯಿಂದ ತಂದುಕೊಟ್ಟಿದ್ದ ನೀಲಿ ಹೂವಿನ ಅಂಗಿ ಆವತ್ತು ಕಪಾಟಿನಿಂದ ಹೊರಗೆ ಬಂತು. ಮೀನು ಹಿಡಿಯಲು ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಿಂತ ಮಾವನನ್ನು ನಾನು ನೋಡಿದ್ದು ಅದೇ ಮೊದಲು.

ಆ ಬೆಳಿಗ್ಗೆ ಕಡಲು ನಿಜವಾಗಿಯೂ ಒಲಿದು ಬಂದಿತ್ತು. ದಂಡೆಗೆ ಹತ್ತಿರವೇ ನೀರು ಕಪ್ಪಗೆ ಕಾಣುತ್ತಿತ್ತು, ಅದರ ಮೇಲೆ ಕಡಲ ಹಕ್ಕಿಗಳು ಮುಗಿಬೀಳುತ್ತಿದ್ದವು. ಮಾವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, “ಬಂಗುಡೆ ಮಗಾ, ಬಂಗುಡೆ,” ಎಂದರು. ದೋಣಿ ಹೋಗಿ ಬಲೆ ಬಿಟ್ಟು ಬಂತು. ಮಾವ ನಮ್ಮ ಕಚೇರಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕನ್ನಡದಲ್ಲಿ ಭಾಷಣ ಮಾಡಿದರು.

“ನೋಡಿ, ಹಗ್ಗ ಹಿಡಿದ ಮೇಲೆ ಬಿಡ್ಲಿಕ್ಕಿಲ್ಲ. ಮೂಗು ತುರಿಸಿದ್ರೂ ಬಿಡ್ಲಿಕ್ಕಿಲ್ಲ. ಬಲೆ ದಡಕ್ಕೆ ಬಂದ ಮೇಲೆ ಎಲ್ಲರಿಗೂ ಪಾಲು ಉಂಟು, ಯಾರಿಗೂ ಇಲ್ಲ ಅಂತ ಹೇಳುದಿಲ್ಲ.”

ಸರ್ ಚಪ್ಪಾಳೆ ತಟ್ಟಿದರು. ತಂಪು ಕನ್ನಡಕ ಸರಿಮಾಡಿಕೊಂಡು ತಾವೂ ಹಗ್ಗ ಹಿಡಿದರು, ಫೋಟೋ ತೆಗೆಯುವಷ್ಟು ಹೊತ್ತು. ಆಮೇಲೆ ಮೊಬೈಲು ಹಿಡಿದು ಪಕ್ಕಕ್ಕೆ ಸರಿದರು.

ಉತ್ತರದ ಹಗ್ಗಕ್ಕೆ ಕಚೇರಿಯವರು, ಜೊತೆಗೆ ದಾರಿ ತೋರಿಸಲು ಗುಂಪಿನ ಇಬ್ಬರು ಮುದುಕರು. ದಕ್ಷಿಣದ ಹಗ್ಗಕ್ಕೆ ಮಾವ ಮತ್ತು ಉಳಿದ ಗುಂಪಿನವರು. ನಾನು ಮನೆಯವಳಾದ್ದರಿಂದ ಮಾವನ ಹಿಂದೆ ನಿಂತಿದ್ದೆ. ಎರಡು ಸಾಲುಗಳ ನಡುವೆ ಕೂಗಿದರೆ ಕೇಳಿಸಲಾರದಷ್ಟು ದೂರವಿತ್ತು. ಎಳೆಯುತ್ತಾ ಎಳೆಯುತ್ತಾ ಹತ್ತಿರವಾಗುವುದು ಇದರ ರೀತಿ. ಕೀಲಿ ಕುಟ್ಟಿ ಮೆತ್ತಗಾದ ಕೈಗಳು ಎಂದು ನಾನು ಹೆದರಿದ್ದೆ. ಆದರೆ ವಾಸಂತಿ, ಲೆಕ್ಕ ವಿಭಾಗದಿಂದ ಬಂದವರು, ಹೊಸದಾಗಿ ಸೇರಿದವರು ಎಲ್ಲರೂ ಜೀವ ಬಿಟ್ಟು ಎಳೆದರು. ಇಷ್ಟು ವರ್ಷಗಳಲ್ಲಿ ನಾವು ಕಡಲಿನ ಹತ್ತಿರ ಮಾಡಿದ ಮೊದಲ ಕೆಲಸ ಅದು. ಹಗ್ಗ ಭಾರವಾಗುತ್ತಾ ಬಂತು. ಭಾರವಾದಷ್ಟೂ ಮಾವ ನಗುತ್ತಿದ್ದರು. ನೀರು ಕುದಿಯುವ ಹಾಗೆ ಬಲೆಯ ಒಳಗೆ ಮೀನು ಹೊರಳುವುದು ಕಾಣಲು ಶುರುವಾಯಿತು.

ಆಗ ಸರ್‌ಗೆ ಫೋನ್ ಬಂತು.

ಅತ್ತ ಏನಾಯಿತೆಂಬುದನ್ನು ಆಮೇಲೆ ವಾಸಂತಿ ಹೇಳಿದಳು. ಪರದೇಶದ ಪ್ರಕಾಶಕರ ಕಡೆಯವರು ವಿಡಿಯೋದಲ್ಲಿ ಬಂದಿದ್ದರು. ಸರ್ ಎಂದಿನಂತೆ ಬಲಗೈ ಎತ್ತಿದರು. ಎಂದಿನಂತೆ ಇವರೆಲ್ಲರೂ ನಿಂತರು. ಹಗ್ಗ ಕೈಯಲ್ಲೇ ಇತ್ತು, ಎಳೆತ ಮಾತ್ರ ನಿಂತಿತ್ತು. ಸರ್ ಮೊಬೈಲನ್ನು ಸಾಲಿನ ಕಡೆ ತಿರುಗಿಸಿ, ನಮ್ಮ ತಂಡ ನೋಡಿ, ಕಡಲಿನಲ್ಲೂ ಕೆಲಸದಲ್ಲಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಇವರಿಗೆ, “ಎಲ್ಲ ಈ ಕಡೆ ನೋಡಿ, ಕೈ ಬೀಸಿ, ಕೈ ಬೀಸಿ!” ಎಂದರು. ಎಲ್ಲರೂ ಕೈ ಬೀಸಿದರು.

ಇತ್ತ ನಮಗೆ ಕಂಡದ್ದು ಇಷ್ಟೇ. ದೂರದಲ್ಲಿ ನಮ್ಮ ಕಚೇರಿಯವರೆಲ್ಲ ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದಾರೆ. ನಮ್ಮ ಸಾಲಿನ ಒಬ್ಬ ಅಜ್ಜ ಪಾಪ, ತಮಗೇ ಎಂದು ತಿಳಿದು ತಲೆ ಆಡಿಸಿ ನಕ್ಕರು. ಮಾವನಿಗೆ ಅರ್ಥವಾಯಿತು. “ಬುಡೊಡ್ಚಿ! ಬುಡೊಡ್ಚಿ!” ಎಂದು ತುಳುವಿನಲ್ಲಿ ಬೊಬ್ಬೆ ಹೊಡೆದರು, ಬಿಡಬೇಡಿ, ಬಿಡಬೇಡಿ ಎಂದು. ಕಡಲಿನ ಸದ್ದಿಗೆ ಅದು ಎಲ್ಲಿ ಕೇಳಬೇಕು? ಅತ್ತ ಇಬ್ಬರು ಮುದುಕರು ಹಗ್ಗಕ್ಕೆ ಜೋತುಬಿದ್ದು ಮರಳಿನಲ್ಲಿ ಎಳೆದುಕೊಂಡು ಹೋಗುತ್ತಿದ್ದರು. ನಮ್ಮ ಕೈಯ ಹಗ್ಗ ಒಮ್ಮೆಲೇ ಹಗುರವಾಯಿತು. ಬಲೆ ಒಂದು ಕಡೆಗೆ ವಾಲಿ ನೀರಿನ ಮೇಲೆ ಬೆಳ್ಳಗೆ ಒಂದು ಮಿಂಚು ಹರಿಯಿತು. ಹಕ್ಕಿಗಳು ಅದರ ಹಿಂದೆ ದೂರ ಹೋದವು. ಮಾವ ಕೂಗುವುದನ್ನು ನಿಲ್ಲಿಸಿದರು.

ಆದರೂ ಬಲೆಯನ್ನು ದಡಕ್ಕೆ ಎಳೆಯಲೇಬೇಕಲ್ಲ, ಎಳೆದೆವು. ನಾಲ್ಕು ಏಡಿ, ಲೋಳೆ ಮೀನು, ಪ್ಲಾಸ್ಟಿಕ್ ಬಾಟಲಿ. ಸರ್ ಫೋನ್ ಮುಗಿಸಿ ನಗುನಗುತ್ತಾ ಬಂದರು. ಬಲೆಯೊಳಗೆ ಇಣುಕಿ ನೋಡಿ, ಮಾವನ ಹೆಗಲ ಮೇಲೆ ಕೈ ಇಟ್ಟರು.

“ಪರವಾಗಿಲ್ಲ ಮಾರಾಯ್ರೆ. ಎಕ್ಸ್‌ಪೀರಿಯನ್ಸ್ ಮುಖ್ಯ ಅಲ್ವಾ?”

ಮಾವನ ಬಾಯಿಂದ ಏನೆಲ್ಲ ಬರಬಹುದೆಂದು ನಾನು ಕಣ್ಣು ಮುಚ್ಚಿಕೊಂಡೆ. ಮಾವ ಇಷ್ಟೇ ಹೇಳಿದರು. “ಸರ್, ನಿಮಗೆ ಪಾಲು ಕೊಡ್ಲಿಕ್ಕೆ ಎಂತದೂ ಇಲ್ಲ.”

“ಅಯ್ಯೋ, ಅದೆಲ್ಲ ಬೇಡ. ರೆಸಾರ್ಟಿನಲ್ಲಿ ಊಟ ಉಂಟಲ್ಲ,” ಎಂದರು ಸರ್.

ಸೋಮವಾರ ಕಚೇರಿಯಲ್ಲಿ ನಾನೇ ಅವರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಆ ಬಲೆಯ ಮೇಲೆ ಅಷ್ಟು ಜನ ಜೀವ ಇಟ್ಟುಕೊಂಡಿದ್ದರು, ನೀವು ಕೈ ಎತ್ತಿದ್ದಕ್ಕೆ ಅದು ಹೋಯಿತು ಎಂದೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಛೆ, ಛೆ,” ಎಂದರು. ಮುಖ ನಿಜವಾಗಿಯೂ ಸಣ್ಣದಾಗಿತ್ತು. ಆಹಾ, ಕಡೆಗೂ ತಟ್ಟಿತು ಎಂದುಕೊಂಡು ನಾನು ಹೊರಗೆ ಬಂದೆ. ಅದೇ ವಾರ ಹೊಸಬರ ತರಬೇತಿಗೆ ಅವರು ಒಂದು ಸ್ಲೈಡ್ ಮಾಡಿಸಿದರು. ಅದರಲ್ಲಿ ಆ ಬಲೆಯ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ‘ಗುರಿ ತಲಪುವ ಮೊದಲು ಹಗ್ಗ ಬಿಡುವ ತಂಡ’. ಹಗ್ಗ ಬಿಡಿಸಿದವರು ಯಾರೆಂದು ಸ್ಲೈಡಿನಲ್ಲಿ ಇರಲಿಲ್ಲ. ವಾಸಂತಿ ಅದನ್ನು ನೋಡಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಕೆಲವು ದಿನಗಳ ಮೇಲೆ ಮಾವ ಮಲ್ಪೆಗೆ ಹೋಗಿ ಬಂಗುಡೆ ತಂದು, ಒಂದು ಚೀಲ ತುಂಬಿ ನನ್ನ ಕೈಯಲ್ಲಿ ಕೊಟ್ಟರು. “ಆವತ್ತು ಹಗ್ಗ ಹಿಡಿದವರಿಗೆಲ್ಲ ಮುಟ್ಟಿಸು.” ನನಗೆ ಮಾವನ ಮೇಲೆಯೇ ಸಿಟ್ಟು ಬಂತು. ನಮ್ಮ ಕಚೇರಿಯವರು ಮಾಡಿದ ಘನಕಾರ್ಯಕ್ಕೆ ಮೀನು ಬೇರೆಯಾ? ಆದರೂ ಒಯ್ದೆ, ಹಂಚಿದೆ. ಮೀನು ತಿನ್ನದವರೂ ಬೇಡವೆನ್ನದೆ ತೆಗೆದುಕೊಂಡು ಪಕ್ಕದ ಮನೆಯವರಿಗೆ ಕೊಟ್ಟರು. ಸರ್ ಆ ವಾರ ಗೋವಾದ ಕಡಲಿನಲ್ಲಿ ಕೆಲಸದಲ್ಲಿದ್ದರು. ಅವರ ಪಾಲು ಉಳಿಯಿತು, ಅದನ್ನು ನಾನೇ ಸಾರು ಮಾಡಿದೆ.

ಆ ವರ್ಷ ಮತ್ತೆ ಅಂಥ ಬಲೆ ಬೀಳಲಿಲ್ಲ. ಗುಂಪು ಒಡೆಯಿತು. ಒಬ್ಬರು ಎಲ್ಲೂರಿನ ಮಗಳ ಮನೆಗೆ ಹೋದರು, ಒಬ್ಬರು ಐಸ್ ಪ್ಲಾಂಟಿನ ಕಾವಲಿಗೆ ಸೇರಿದರು. ಬಲೆಯನ್ನು ಯಾರೂ ಬಲೆಯಾಗಿ ಕೊಳ್ಳಲಿಲ್ಲ. ಕೊನೆಗೆ ಅದೇ ರೆಸಾರ್ಟಿನವರು ಊಟದ ಹಾಲಿನ ಅಲಂಕಾರಕ್ಕೆಂದು ತೆಗೆದುಕೊಂಡರು. ಮಾವ ಮನೆಯ ಜಗಲಿಯಲ್ಲಿ ಕುಳಿತರು. ಬೈಗುಳ ಕೂಡ ಕಡಿಮೆಯಾಯಿತು, ಅದೇ ನಮಗೆಲ್ಲ ಹೆದರಿಕೆ. ಸರ್ ರೆಸಾರ್ಟಿಗೆ ಬಂದರೂ ಮಾವನ ಜಗಲಿಯ ಕಡೆ ತಲೆ ಹಾಕುತ್ತಿರಲಿಲ್ಲ, ಮಾವನೂ ಬಲೆ ಮಾರಿದ ಮೇಲೆ ರೆಸಾರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಕೇಳುವುದು ಮಾತ್ರ ಒಂದೇ ಪ್ರಶ್ನೆ.

“ನಿನ್ನ ಸರ್ ಹೇಗಿದ್ದಾರೆ? ಈ ಕಡೆ ಬರುದುಂಟಾ?”

“ಆ ಮನುಷ್ಯನ ಸುದ್ದಿ ಎಂತಕ್ಕೆ ನಿಮಗೆ?” ಎಂದು ನಾನು ಒಮ್ಮೆ ರೇಗಿದ್ದೆ. “ವಿಡಿಯೋದಲ್ಲಿ ಬಂದದ್ದು ಸಾಕಾಗಲಿಲ್ಲವಾ?”

ಮಾವ ಕಡಲ ಕಡೆ ತಿರುಗಿದ್ದರು. ಎಲ್ಲರ ಹಾಗೆ ಮಾವನೂ ಸರ್ ಅವರ ನಗುವಿಗೆ ಬಿದ್ದಿದ್ದಾರೆ ಎಂದೇ ನಾನು ತಿಳಿದಿದ್ದೆ.

ಬೀಳ್ಕೊಡುಗೆಗೆ ಮಾವನನ್ನು ಸರ್ ಖುದ್ದಾಗಿ ಫೋನ್ ಮಾಡಿ ಕರೆದರು. ಮಾವ ಅದೇ ನೀಲಿ ಹೂವಿನ ಅಂಗಿ ತೊಟ್ಟು ಬಂದರು. ಹಾಲಿನ ಉದ್ದಗೋಡೆಗೆ ಅವರ ಬಲೆ ಹರಡಿಕೊಂಡಿತ್ತು, ಕಣ್ಣು ಕಣ್ಣಿಗೂ ಸಣ್ಣ ಬಲ್ಬು ಸಿಕ್ಕಿಸಿ. ಮಾವ ಒಳಗೆ ಬಂದವರು ಅದರ ಒಂದು ಮೂಲೆಯನ್ನು ಹಿಡಿದು ನೋಡಿ, ತಾವೇ ಹಾಕಿದ್ದ ಹೊಲಿಗೆಯನ್ನು ಬೆರಳಿನಿಂದ ಸವರಿ ಬಿಟ್ಟರು. ಸರ್ ಭಾಷಣದಲ್ಲಿ ಗೋಡೆಯ ಕಡೆ ಕೈ ತೋರಿಸಿ, “ಈ ಬಲೆಯನ್ನು ನಾನೇ ನನ್ನ ಕೈಯಾರೆ ಎಳೆದಿದ್ದೇನೆ,” ಎಂದರು. ದೊಡ್ಡ ಚಪ್ಪಾಳೆ ಬಿತ್ತು. ವಾಸಂತಿ ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ.

ಊಟಕ್ಕೆ ಸರ್ ಮಾವನನ್ನು ತಮ್ಮ ಮೇಜಿನಲ್ಲೇ ಕೂರಿಸಿಕೊಂಡರು. ನಾವೂ ಅದೇ ಮೇಜಿನ ಸುತ್ತ ಇದ್ದೆವು. ಎಲ್ಲರೂ ಬಡಿಸಿಕೊಂಡು ಬಂದು ಕೂತ ಮೇಲೆ ಮಾವ ಎದ್ದು ಹೋಗಿ, ಹುರಿದ ಬಂಗುಡೆಗಳ ತಟ್ಟೆಯಿಂದ ದೊಡ್ಡದೊಂದನ್ನು ಆರಿಸಿ ತಂದು ಸರ್ ತಟ್ಟೆಗೆ ಹಾಕಿದರು.

“ಸರ್, ಇದು ನಿಮ್ಮ ಪಾಲು.”

“ಎಂತ ಪಾಲು ಮಾರಾಯ್ರೆ?”

“ಆವತ್ತು ಹಗ್ಗ ಹಿಡಿದಿದ್ರಲ್ಲ. ಉಳಿದವರದ್ದೆಲ್ಲ ಇವಳ ಕೈಯಲ್ಲಿ ಕಳಿಸಿದ್ದೆ. ನೀವು ಊರಲ್ಲಿ ಇರಲಿಲ್ಲ. ಬಲೆಯಂತೂ ಹೋಯ್ತು. ಹಗ್ಗ ಹಿಡಿದವರದ್ದು ಒಂದು ಪಾಲು ನನ್ನ ಹತ್ರ ಉಳಿದು ಹೋದ್ರೆ ನನಗೆ ನಿದ್ದೆ ಬರುದಿಲ್ಲ.”

ಮೂರು ವರ್ಷ ಜಗಲಿಯಲ್ಲಿ ಕುಳಿತು ಮಾವ ಸರ್ ಯಾವಾಗ ಬರುತ್ತಾರೆಂದು ಕೇಳುತ್ತಿದ್ದದ್ದು ಇದಕ್ಕೆ. ನನ್ನ ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು. ಸರ್ ಮಾತ್ರ ಬಹಳ ಸಂತೋಷಪಟ್ಟರು. “ಇದು ನೋಡಿ ಸಂಸ್ಕೃತಿ ಅಂದ್ರೆ,” ಎಂದು ನಮಗೆಲ್ಲ ಹೇಳಿ, ಮೀನನ್ನು ಮುರಿದು ಬಾಯಿಗಿಟ್ಟರು. ಜಗಿಯುತ್ತಾ ಹುಬ್ಬು ಗಂಟಿಕ್ಕಿದರು.

“ಸ್ವಲ್ಪ ಐಸಿನ ರುಚಿ ಉಂಟಲ್ಲ? ತಾಜಾ ಅಲ್ಲ ಅಂತ ಕಾಣ್ತದೆ.”

“ಅಲ್ಲ ಸರ್,” ಎಂದರು ಮಾವ. “ಇದು ಮಲ್ಪೆಯಿಂದ ಲಾರಿಯಲ್ಲಿ ಬಂದದ್ದು. ತಾಜಾದ್ದು ಆವತ್ತೇ ಹೋಯ್ತು.”

ಸರ್‌ಗೆ ಅದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಎಡಗೈಯಲ್ಲಿ ಅದನ್ನು ಕಿವಿಗಿಟ್ಟು, ಮೀನಿನ ಮಸಾಲೆ ಮೆತ್ತಿದ ಬಲಗೈಯನ್ನು ನಮ್ಮ ಕಡೆ ಎತ್ತಿದರು. ಮೇಜಿನ ಸುತ್ತ ಕೈಗಳೆಲ್ಲ ತಟ್ಟೆಯಲ್ಲೇ ನಿಂತವು. ಮಾವ ಒಬ್ಬರೇ ಮುಳ್ಳು ಬಿಡಿಸುತ್ತಾ ಉಣ್ಣುತ್ತಿದ್ದರು.